ದಿಬ್ಬದಾಚೆಯ ವಿಮಾನ

ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಆಕೆಯನ್ನು ಆ ಪುಟ್ಟ ನಿಲ್ದಾಣದಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಐವತ್ತೆರಡು ವಯಸ್ಸು, ಗಿಡ್ಡಗೆ ಕತ್ತರಿಸಿದ ಕೂದಲು, ಮೂಗಿನ ತುದಿಯಲ್ಲಿ ಕೋಪ. ಆ ಕೋಪದ ಮುಕ್ಕಾಲು ಪಾಲು ಒಂದೇ ಬಗೆಯ ಜನಕ್ಕೆ ಮೀಸಲು: ರೇಡಿಯೋದಲ್ಲಿ ಸರಿಯಾಗಿ ಮಾತಾಡದ ಪೈಲಟ್‌ಗಳಿಗೆ.

ಅದಕ್ಕೆ ಕಾರಣವೂ ಇತ್ತು. ಅಲ್ಲಿ ಕಂಟ್ರೋಲ್ ಟವರ್ ಇರಲಿಲ್ಲ. ನೀನು ಇಳಿ, ನೀನು ಕಾಯಿ ಎಂದು ಹೇಳುವವರು ಯಾರೂ ಇಲ್ಲ. ಒಂದು ರನ್‌ವೇ, ಒಂದು ಇಂಧನದ ಪಂಪು, ತಗಡಿನ ಮಾಡಿನ ನಾಲ್ಕು ಶೆಡ್ಡು, ಒಂದು ಕೋಣೆಯ ಆಫೀಸು, ಅಷ್ಟೆ. ಬರುವವರು ಹೋಗುವವರೆಲ್ಲ ಒಂದೇ ಚಾನೆಲ್‌ನಲ್ಲಿ ತಾವೆಲ್ಲಿದ್ದೇವೆ, ಯಾವ ತುದಿಯಿಂದ ಏರುತ್ತೇವೆ, ಯಾವ ತುದಿಗೆ ಇಳಿಯುತ್ತೇವೆ ಎಂದು ಹೇಳಿಕೊಳ್ಳಬೇಕು. ಉಳಿದವರು ಅದನ್ನು ಕೇಳಿಸಿಕೊಂಡು ದಾರಿ ಬಿಡಬೇಕು. ಸಾಲದ್ದಕ್ಕೆ ರನ್‌ವೇಯ ನಟ್ಟನಡುವೆ ಒಂದು ದಿಬ್ಬ. ಕಾರಿನಲ್ಲಿ ಹೋದರೆ ಗೊತ್ತೇ ಆಗದಷ್ಟು ನಯವಾದದ್ದು. ಆದರೆ ಪೂರ್ವದ ತುದಿಯಲ್ಲಿ ನಿಂತ ವಿಮಾನ ಪಶ್ಚಿಮದ ತುದಿಯಲ್ಲಿ ನಿಂತವರ ಕಣ್ಣಿಗೆ ಬೀಳದಂತೆ ಮಾಡಲು ಅಷ್ಟೇ ಸಾಕಾಗಿತ್ತು.

ಟೀಚರಿಗೆ ಹಾರುವುದನ್ನು ಕಲಿಸಿದ್ದು ಅವಳ ಭಾವ, ಅಂದರೆ ಅಕ್ಕನ ಗಂಡ. ಅವನಿಗೀಗ ಅರವತ್ತೇಳು. ಸಣ್ಣ ವಿಮಾನವೊಂದರಲ್ಲಿ ವಿದ್ಯುತ್ ತಂತಿಗಳ ಉದ್ದಕ್ಕೂ ತಗ್ಗಿನಲ್ಲಿ ಹಾರಿ, ಎಲ್ಲಿ ಕಂಬ ವಾಲಿದೆ, ಎಲ್ಲಿ ಕೊಂಬೆ ತಾಗುತ್ತಿದೆ ಎಂದು ನೋಡಿ ಕಂಪನಿಗೆ ತಿಳಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮಾತು ಕಡಿಮೆ. ಟೀಚರಿನ ಮದುವೆ ಮುರಿದಾಗ ಬಂಧುಗಳೆಲ್ಲ ಬಂದು ತಲೆಗೊಂದು ಬುದ್ಧಿ ಹೇಳಿ ಹೋದರು. ಭಾವ ಮಾತ್ರ, “ನಾಳೆ ಬೆಳಿಗ್ಗೆ ಆರಕ್ಕೆ ಬಾ, ಗಾಳಿ ಚೆನ್ನಾಗಿರುತ್ತೆ,” ಎಂದಿದ್ದ. ಅವಳು ಹಾರುವುದಕ್ಕೆ ಶುರುಮಾಡಿದ್ದೇ ಹಾಗೆ.

ಅದೊಂದು ವಾರದ ನಡುವಿನ ದಿನ. ಟೀಚರ್ ತನ್ನ ಶಿಷ್ಯೆಯೊಂದಿಗೆ ಬೆಳಿಗ್ಗೆ ಹೊರಟಿದ್ದಳು. ಶಿಷ್ಯೆ ಹಲ್ಲಿನ ಡಾಕ್ಟರು, ನಲವತ್ತು ದಾಟಿದವಳು. ದಿನವಿಡೀ ಬೇರೆಯವರ ಬಾಯೊಳಗೆ ಇಣುಕಿ ಸಾಕಾಗಿ ಆಕಾಶ ನೋಡಲು ಬಂದವಳು ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಇಬ್ಬರೂ ಗುಡ್ಡದ ಆಚೆಗಿದ್ದ, ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳ ಮೈದಾನದ ತನಕ ಹೋಗಿ, ಅಲ್ಲಿ ನಾಲ್ಕು ಸಲ ಇಳಿದು ಏರಿ ಅಭ್ಯಾಸ ಮಾಡಿ, ಹತ್ತೂವರೆಯ ಹೊತ್ತಿಗೆ ವಾಪಸು ಬಂದರು.

ಗಾಳಿ ಸತ್ತಂತಿತ್ತು. ಹಾಗಿದ್ದಾಗ ಯಾವ ತುದಿಯಿಂದ ಇಳಿದರೂ ನಡೆಯುತ್ತದೆ, ಯಾವ ತುದಿಯಿಂದ ಏರಿದರೂ ನಡೆಯುತ್ತದೆ. ಟೀಚರ್ ಪಶ್ಚಿಮದ ಕಡೆಯಿಂದ ಇಳಿಯಲು ನಿರ್ಧರಿಸಿದಳು. ಪ್ರತಿ ತಿರುವಿನಲ್ಲೂ ಗಂಟೆ ಹೊಡೆದಂತೆ ರೇಡಿಯೋದಲ್ಲಿ ಹೇಳಿದಳು: ಈಗ ತಿರುಗುತ್ತಿದ್ದೇನೆ, ಈಗ ನೇರಕ್ಕೆ ಬಂದಿದ್ದೇನೆ, ಈಗ ಇಳಿಯುತ್ತಿದ್ದೇನೆ. ಯಾರಿಂದಲೂ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಯಾರೂ ಇಲ್ಲ ಎಂದರ್ಥ, ಅಥವಾ ಹಾಗೆಂದು ಅವಳು ಅಂದುಕೊಂಡಳು.

ಡಾಕ್ಟರು ಚಕ್ರಗಳನ್ನು ಮೆತ್ತಗೆ ನೆಲಕ್ಕೆ ತಾಗಿಸಿದಳು. ವಿಮಾನ ದಿಬ್ಬದತ್ತ ಓಡಿತು. “ಪರವಾಗಿಲ್ವೇ,” ಎಂದು ಟೀಚರ್ ಬಾಯಿ ಬಿಡುವಷ್ಟರಲ್ಲಿ ದಿಬ್ಬದ ಮೇಲೆ ಏನೋ ಮಿನುಗಿತು. ಗಿರ್ರನೆ ತಿರುಗುತ್ತಿದ್ದ ಪ್ರೊಪೆಲ್ಲರ್ ಅದು. ಅದರ ಹಿಂದೆ ಗಾಜು, ಗಾಜಿನ ಹಿಂದೆ ಒಂದು ಮುಖ.

“ನನ್ನ ಕೈಗೆ ಬಿಡಿ,” ಎಂದಳು ಟೀಚರ್. ಬಲಕ್ಕೆ ಪೂರಾ ತಿರುಗಿಸಿದಳು. ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು. ಎದುರಿನದು ಇನ್ನೂ ಸರಿಯಾದ ವೇಗ ಬರುವ ಮೊದಲೇ ಮೂತಿ ಎತ್ತಿ, ಒಂದು ರೆಕ್ಕೆ ವಾಲಿಸಿಕೊಂಡು, ಅವರ ಎಡ ರೆಕ್ಕೆಯ ಮೇಲೆ ಒಂದಾಳಿನ ಎತ್ತರದಲ್ಲಿ ದಾಟಿಹೋಯಿತು. ಅದರ ಚಕ್ರಕ್ಕೆ ಅಂಟಿದ್ದ ಒಣ ಮಣ್ಣು ಗಾಜಿನ ಮೇಲೆ ಉದುರಿತು. ಮರುಕ್ಷಣ ಟೀಚರಿನ ವಿಮಾನದ ಮುಂದಿನ ಚಕ್ರ ಚರಂಡಿಯ ಅಂಚಿಗೆ ಬಡಿದು ಪ್ರೊಪೆಲ್ಲರ್ ನೆಲ ಕೆರೆದು ನಿಂತಿತು.

ಅವಳು ಎಲ್ಲ ಸ್ವಿಚ್ಚುಗಳನ್ನೂ ಆರಿಸಿದಳು. ಡಾಕ್ಟರ ಕಡೆ ತಿರುಗಿದಳು.

“ಏನಾದ್ರೂ ಆಯ್ತಾ ನಿಮಗೆ?”

“ನಾಲಿಗೆ ಕಚ್ಕೊಂಡೆ,” ಎಂದಳು ಡಾಕ್ಟರು, ಬಾಯಿಗೆ ಕರವಸ್ತ್ರ ಒತ್ತಿಕೊಂಡು. “ಹಲ್ಲೆಲ್ಲ ನೆಟ್ಟಗಿವೆ. ಯಾರು ಅವ್ರು?”

“ನಮ್ಮ ಭಾವ.”

ಭಾವ ಒಂದು ಸುತ್ತು ಹೊಡೆದು ಬಂದು ಇಳಿದ. ಹುಲ್ಲಿನ ಮೇಲೆ ನಡೆದುಕೊಂಡೇ ಬಂದ. ಮೊದಲು ಇಬ್ಬರ ಕೈಕಾಲು ನೋಡಿದ, ಆಮೇಲೆ ಬಾಗಿದ ಪ್ರೊಪೆಲ್ಲರ್ ನೋಡಿದ. ಇಂಧನ ತುಂಬುವವನೂ ಪಂಪಿನ ಕಡೆಯಿಂದ ಓಡೋಡಿ ಬಂದ. ಅವನ ಹೊಟ್ಟೆಯ ಗಾತ್ರಕ್ಕೆ ತಕ್ಕಂತೆ ಎಲ್ಲರೂ ಅವನನ್ನು ಟ್ಯಾಂಕರ್ ಎನ್ನುತ್ತಿದ್ದರು.

“ನೀವು ಯಾಕೆ ಹೇಳ್ಲಿಲ್ಲ ಭಾವ?” ಟೀಚರಿನ ದನಿ ಸೀಳಿತ್ತು.

“ಹೇಳ್ದೆ. ಎರಡು ಸಲ ಹೇಳ್ದೆ. ಪೂರ್ವದಿಂದ ಏರ್ತಿದ್ದೀನಿ ಅಂತ.”

“ನನಗೆ ಕೇಳಿಸ್ಲಿಲ್ಲ. ನಾನು ನಾಲ್ಕು ಸಲ ಹೇಳ್ದೆ. ಕೇಳಿಸ್ಲಿಲ್ವಾ ನಿಮಗೆ?”

“ಇಲ್ಲ,” ಎಂದ ಭಾವ.

“ಟೀಚರ್ ಹೇಳಿದ್ದು ನಿಜ,” ಎಂದಳು ಡಾಕ್ಟರು. “ನಾನು ಪಕ್ಕದಲ್ಲೇ ಇದ್ದೆ. ಪ್ರತಿ ಸಲ ಹೇಳಿದ್ರು.”

ಟ್ಯಾಂಕರ್‌ನ ಮುಖ ನೋಡಿದರು. ಅವನು ಕೈಯಾಡಿಸಿದ. ಆಫೀಸಿನ ರೇಡಿಯೋ ಹಾಕಿತ್ತು, ಆದರೆ ಅವನು ಪಂಪಿನ ಸದ್ದಿನಲ್ಲಿದ್ದ. ಅವರದ್ದೂ ಕೇಳಿಲ್ಲ, ಇವರದ್ದೂ ಕೇಳಿಲ್ಲ.

ಅಲ್ಲಿಗೆ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಅರವತ್ತೇಳು ವರ್ಷದ ಒಬ್ಬನೇ ಆದ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನ್ನದೆಯೇ ಎಲ್ಲರಿಗೂ ಅರ್ಥವಾಗಿಬಿಟ್ಟಿತು.

ವಾಯುಯಾನ ಇಲಾಖೆಗೆ ಇಬ್ಬರೂ ವರದಿ ಬರೆದು ಕಳಿಸಬೇಕಿತ್ತು. ಟೀಚರ್ ಎರಡು ಪುಟ ಬರೆದಳು. ಡಾಕ್ಟರು ಸಾಕ್ಷಿ ಹಾಕಿದಳು. ಭಾವ ನಾಲ್ಕು ಸಾಲು ಬರೆದ. ಮೂರನೆಯ ದಿನ ಇಲಾಖೆಯ ಅಧಿಕಾರಿ ಫೋನ್ ಮಾಡಿ, ಬಹಳ ಮರ್ಯಾದೆಯಿಂದಲೇ, ಹಿರಿಯರು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು ಎಂದ. ತಂತಿಯ ಕಂಪನಿಗೂ ಸುದ್ದಿ ಮುಟ್ಟಿತು. ವರದಿ ಬರುವ ತನಕ ಹಾರುವುದು ಬೇಡ ಎಂದು ಅವರೂ ತಿಳಿಸಿದರು.

ಆ ಮಧ್ಯಾಹ್ನ ಟೀಚರ್ ಅಕ್ಕನ ಮನೆಗೆ ಹೋದಳು. ಭಾವ ಊಟಕ್ಕೆ ಕೂತಿದ್ದ. ಅವಳಿಗೂ ತಟ್ಟೆ ಹಾಕಿದ ಅಕ್ಕ, ಪಾತ್ರೆಗೆ ಸೌಟು ಹಾಕುತ್ತ ಯಾರ ಮುಖವನ್ನೂ ನೋಡದೆ ಹೇಳಿದಳು:

“ಪರೀಕ್ಷೆ ಮಾಡಿಸೋದ್ರಲ್ಲಿ ತಪ್ಪೇನಿದೆ? ಟಿವಿ ಸೌಂಡ್ ಎಷ್ಟಿಡ್ತೀರ ಗೊತ್ತಾ ನೀವು? ಪಕ್ಕದ ಮನೆಯವರು ನಮ್ಮನೆ ಸುದ್ದಿ ಕೇಳೋಕೆ ಅವರ ಟಿವಿ ಆರಿಸ್ತಾರೆ.”

ಭಾವನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮೆಟ್ಟಿಲು ಇನ್ನೂ ಒಂದಿದೆ ಎಂದು ಕಾಲಿಟ್ಟವನು ನೆಲ ಸಿಕ್ಕಿ ತಡವರಿಸಿದ ಹಾಗಿತ್ತು.

“ಎಷ್ಟು ದಿನದಿಂದ?” ಎಂದು ಕೇಳಿದ.

“ಒಂದು ವರ್ಷ ಆಗಿರಬೇಕು. ನಾನೇ ಹೇಳೋದು ಬೇಡ ಅಂತಿದ್ದೆ.”

ಅವನು ಕೈ ತೊಳೆದು ಬಂದು ಕೂತ. “ನಾನು ಹೇಳ್ದೆ ಅಂತ ನೆನಪಿದೆ,” ಎಂದ. ಆಮೇಲೆ, “ದಿನಾ ಹೇಳ್ತೀನಲ್ಲ, ಬೇರೆ ದಿನದ ನೆನಪೂ ಇರಬಹುದು,” ಎಂದ. ಟೀಚರಿಗೆ ಪಾಪ ಅನಿಸಿತು. ಆದರೂ ಒಳಗೊಳಗೇ ಒಂದು ನಿರಾಳವೂ ಆಯಿತು: ವಿಷಯ ತೀರ್ಮಾನವಾಯಿತಲ್ಲ ಎಂದು. ಆ ನಿರಾಳ ಅವಳಿಗೆ ಆಮೇಲೆ ಬಹಳ ದಿನ ನೆನಪಾಯಿತು.

ಕಿವಿಯ ವರದಿ ಬಂತು. ಎಡಗಿವಿ ಸ್ವಲ್ಪ ಮಂದ. ಆದರೆ ಹಾರಲು ಬೇಕಾದ ಮಟ್ಟಕ್ಕಿಂತ ಮೇಲೆಯೇ ಇದೆ ಎಂದು ವೈದ್ಯರು ಬರೆದಿದ್ದರು. ಅಷ್ಟರಲ್ಲಿ ಭಾವನ ಮನಸ್ಸು ಬೇರೆಯೇ ಕಡೆ ಹೋಗಿತ್ತು. ಕಿವಿ ಸರಿಯಿದ್ದೂ ಕೇಳಿಸಲಿಲ್ಲ ಎಂದರೆ ತೊಂದರೆ ಇನ್ನೂ ಒಳಗೆ, ತಲೆಯಲ್ಲೇ ಇದೆ ಎಂದು ಅವನು ಲೆಕ್ಕ ಹಾಕಿದ್ದ. ಎಂಟನೆಯ ದಿನ ಕಂಪನಿಗೆ ಕಾಗದ ಬರೆದು ಕೆಲಸ ಬಿಟ್ಟ. ಯಾರನ್ನೂ ಕೇಳಲಿಲ್ಲ.

ಒಂಬತ್ತನೆಯ ದಿನ ಟೀಚರಿನ ವಿಮಾನಕ್ಕೆ ಹೊಸ ಪ್ರೊಪೆಲ್ಲರ್ ಕೂರಿಸಿ ಮೆಕ್ಯಾನಿಕ್ ಊಟಕ್ಕೆ ಹೋದ. ಅವಳು ಒಬ್ಬಳೇ ಶೆಡ್ಡಿನಲ್ಲಿ ವಿಮಾನ ಹತ್ತಿ, ಎಲ್ಲ ಸರಿಯಿದೆಯೇ ಎಂದು ನೋಡಲು ಬ್ಯಾಟರಿ ಹಾಕಿದಳು. ರೇಡಿಯೋದ ಎರಡು ಪುಟ್ಟ ಕಿಟಕಿಗಳಲ್ಲಿ ಅಂಕಿಗಳು ಹೊತ್ತಿಕೊಂಡವು. ಎಡಗಡೆಯ ಕಿಟಕಿಯಲ್ಲಿರುವುದು ಈಗ ಮಾತಾಡುವ ಚಾನೆಲ್. ಬಲಗಡೆಯದು ಮುಂದೆ ಬೇಕಾಗುವುದು. ಅಲ್ಲಿ ಅಂಕಿ ತಿರುಗಿಸಿಟ್ಟುಕೊಂಡು ನಡುವಿನ ಗುಂಡಿ ಒತ್ತಿದರೆ ಎರಡೂ ಅದಲುಬದಲಾಗುತ್ತವೆ.

ತಮ್ಮ ನಿಲ್ದಾಣದ ಅಂಕಿ ಬಲಗಡೆ ಇತ್ತು. ಎಡಗಡೆ ಇದ್ದದ್ದು ಗ್ಲೈಡರ್ ಮೈದಾನದ್ದು.

ಅವಳು ಮತ್ತೆ ನೋಡಿದಳು. ಅವತ್ತು ಸ್ವಿಚ್ಚು ಆರಿಸಿದ ಮೇಲೆ ಈ ವಿಮಾನದೊಳಗೆ ಯಾರೂ ಕೂತಿರಲಿಲ್ಲ. ವಾಪಸು ಬರುತ್ತ ಗುಡ್ಡ ದಾಟುವಾಗ ತಾನು ಅಂಕಿ ತಿರುಗಿಸಿದ್ದು ಚೆನ್ನಾಗಿ ನೆನಪಿತ್ತು. ಅದೇ ಹೊತ್ತಿಗೆ ಡಾಕ್ಟರು ಎತ್ತರ ಬಿಟ್ಟು ಕೆಳಗೆ ಜಾರುತ್ತಿದ್ದಳೆಂದು ಅವಳನ್ನು ಗದರಿದ್ದೂ ನೆನಪಾಯಿತು. ಗುಂಡಿ ಒತ್ತಿದ್ದು ನೆನಪಾಗಲಿಲ್ಲ. ಎಷ್ಟು ತಡಕಿದರೂ ನೆನಪಾಗಲಿಲ್ಲ.

ಪ್ರತಿ ತಿರುವಿನಲ್ಲೂ ಸ್ಪಷ್ಟವಾಗಿ, ಗುಡ್ಡದಾಚೆಯ ಮೈದಾನಕ್ಕೆ ಹೇಳಿಕೊಂಡು ಬಂದಿದ್ದಳು.

ಗುಂಡಿ ಅವಳ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ಒಮ್ಮೆ ಒತ್ತಿದರೆ ಮುಗಿಯಿತು. ಈ ಅಂಕಿ ನೋಡಿದವರು ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಹೊರಗಿನಿಂದ ಟ್ಯಾಂಕರ್‌ನ ದನಿ ಬಂತು: “ರೇಡಿಯೋ ಬರ್ತಿದ್ಯಾ ಟೀಚರ್?”

“ಬರ್ತಿದೆ,” ಎಂದಳು. ಫೋನ್ ತೆಗೆದು ಆ ಎರಡು ಕಿಟಕಿಗಳ ಫೋಟೋ ಹೊಡೆದಳು. ಒಮ್ಮೆ ಹೊಡೆದ ಮೇಲೆ ಇನ್ನು ಹಿಂದಕ್ಕೆ ಹೋಗಲಾರೆನೆಂದು ಗೊತ್ತಿದ್ದೇ ಹೊಡೆದಳು.

ಆಮೇಲೆ ಗ್ಲೈಡರ್ ಮೈದಾನಕ್ಕೆ ಫೋನ್ ಮಾಡಿದಳು. ಗ್ಲೈಡರ್‌ಗಳನ್ನು ಮೇಲಕ್ಕೆ ಎಳೆದೊಯ್ಯುವ ಪೈಲಟ್ ಎತ್ತಿಕೊಂಡ. ಅವತ್ತು ತನ್ನ ದನಿ ಏನಾದರೂ ಕೇಳಿಸಿತ್ತೇ ಎಂದು ಕೇಳಿದಳು.

“ಕೇಳಿಸ್ತಲ್ಲ. ಇಲ್ಲಿಂದ ಹೋದ್ಮೇಲೂ ನೀವು ಇಳೀತಿದ್ದೀನಿ ಇಳೀತಿದ್ದೀನಿ ಅಂತಿದ್ರಿ, ಅದೂ ನಿಮ್ಮ ಊರಿನ ಹೆಸರು ಹೇಳ್ಕೊಂಡು. ಚಾನೆಲ್ ಬದಲಾಯಿಸಿಲ್ಲ ಮೇಡಂ ಅಂತ ಕೈಯಲ್ಲಿ ಹಿಡ್ಕೊಳ್ಳೋ ರೇಡಿಯೋ, ಕೈಸೆಟ್‌ನಲ್ಲಿ ಹೇಳ್ದೆ. ಅದು ಗುಡ್ಡ ದಾಟಲ್ಲ.”

“ಆಮೇಲೆ ಒಂದು ಫೋನ್ ಮಾಡ್ಬಾರ್ದಿತ್ತಾ?”

“ಮಾಡ್ಬೇಕಿತ್ತು,” ಎಂದ ಅವನು. “ಇಳಿದ್ಮೇಲೆ ನಿಮಗೇ ಗೊತ್ತಾಗುತ್ತೆ ಅಂದ್ಕೊಂಡೆ. ಏನಾದ್ರೂ ಆಯ್ತಾ?”

ಅವಳು ಅಕ್ಕನ ಮನೆಗೆ ಹೋದಾಗ ಭಾವ ಹಜಾರದಲ್ಲಿ ಹಳೆಯ ಹೊಲಿಗೆ ಯಂತ್ರವನ್ನು ಪೂರಾ ಬಿಚ್ಚಿ ಹಾಳೆಯ ಮೇಲೆ ಹರಡಿಕೊಂಡು ಕೂತಿದ್ದ. ಅದಕ್ಕೇನೂ ಆಗಿರಲಿಲ್ಲ, ಕೈಗೆ ಕೆಲಸ ಬೇಕಿತ್ತು, ಅಷ್ಟೆ. ಟೀಚರ್ ಚಪ್ಪಲಿ ಬಿಟ್ಟು ಬಂದು ಅವನೆದುರು ನೆಲದ ಮೇಲೆಯೇ ಕೂತಳು.

“ಭಾವ, ಅವತ್ತು ತಪ್ಪು ನನ್ನದು. ನನ್ನ ರೇಡಿಯೋ ಬೇರೆ ಚಾನೆಲ್‌ನಲ್ಲಿತ್ತು.”

ಅವನು ಎಣ್ಣೆ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. ಅವಳು ಫೋನ್ ಕೊಟ್ಟಳು. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಎಡಗಡೆಯ ಅಂಕಿ ನೋಡಿದ, ಬಲಗಡೆಯದನ್ನು ನೋಡಿದ, ಮತ್ತೆ ಎಡಗಡೆಯದನ್ನು ನೋಡಿದ. ಅವಳು ಗ್ಲೈಡರ್ ಪೈಲಟ್ ಹೇಳಿದ್ದನ್ನೂ ಹೇಳಿದಳು. ಏನೂ ಬಿಡದೆ ಪೂರ್ತಿ ಹೇಳಿದಳು.

“ಅಂದ್ರೆ ನಾನು ಹೇಳಿದ್ದೆ,” ಎಂದ ಭಾವ.

“ಹೇಳಿದ್ರಿ.”

“ಎರಡು ಸಲ.”

“ಎರಡು ಸಲ.”

ಅವನು ಫೋನ್ ವಾಪಸು ಕೊಟ್ಟ. “ಇದನ್ನ ಬೇರೆ ಯಾರಿಗೆ ತೋರಿಸಿದ್ದೀಯ?”

“ಮೊದಲು ನಿಮಗೇ.”

“ಒಳಗೆ ಹೋಗು. ನಿಮ್ಮಕ್ಕನಿಗೆ ತೋರಿಸು.”

ಅಕ್ಕ ಅಡುಗೆಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅಂಕಿಗಳನ್ನು ನೋಡಿ ಅವಳಿಗೆ ಏನೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಹಜಾರಕ್ಕೆ ಬಂದು ಬಾಗಿಲ ಹತ್ತಿರ ನಿಂತಳು.

“ನಾನು ಟಿವಿ ವಿಷಯ ಎತ್ತಬಾರದಿತ್ತು,” ಎಂದಳು.

“ಟಿವಿ ವಿಷಯ ಸುಳ್ಳಲ್ವಲ್ಲ. ಕಿವಿ ಮಂದ ಆಗಿದೆ, ಕಿವಿ ಡಾಕ್ಟರೇ ಬರೆದಿದ್ದಾರೆ,” ಎಂದ ಭಾವ. ಒಂದು ಸ್ಕ್ರೂ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ. “ಆದ್ರೆ ಅವತ್ತು ನನಗೆ ಕೇಳಿಸದೆ ಹೋಗಿದ್ದು ಕಿವಿಯಿಂದಲ್ಲ. ಒಂಬತ್ತು ದಿನ ನಾನು ನನ್ನ ಬಾಯನ್ನೇ ನಂಬಲಿಲ್ಲ. ನಿದ್ದೆಯಿಂದ ಎದ್ದು ಕೂತು, ಹೇಳಿದ್ನಾ ಇಲ್ವಾ, ಹೇಳಿದ್ನಾ ಇಲ್ವಾ ಅಂತ. ನೀವಿಬ್ರೂ ಮಾತಾಡೋದು ಕೇಳಿದ್ರೂ, ಇವರು ನಿಜವಾಗ್ಲೂ ಮಾತಾಡ್ತಿದ್ದಾರಾ ಅನ್ಸೋದು.”

ಇಷ್ಟುದ್ದದ ಮಾತು ಅವನ ಬಾಯಿಂದ ಟೀಚರ್ ಕೇಳಿದ್ದು ಅದೇ ಮೊದಲು.

“ನಾಳೆನೇ ವರದಿ ತಿದ್ದಿ ಕಳಿಸ್ತೀನಿ ಭಾವ. ಕಂಪನಿಗೂ ನಾನೇ ಹೋಗಿ ಹೇಳ್ತೀನಿ.”

“ಹೇಳು.” ಅವನು ಸ್ಕ್ರೂವನ್ನು ಅದರ ಜಾಗದಲ್ಲಿಟ್ಟ. “ನಿನ್ನ ಮೇಲೆ ಸಿಟ್ಟಿದೆ ನನಗೆ. ಅದು ಇಳಿಯೋಕೆ ಹೊತ್ತು ಬೇಕು. ಈಗ ಹೋಗು.”

ಅವಳು ಹೋದಳು. ಬಸ್ಸಿಗೆ ಕಾಯುವಾಗ ಅತ್ತಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಏನಮ್ಮಾ ಎಂದು ಕೇಳಿದಾಗ ಹಲ್ಲು ನೋವು ಎಂದಳು.

ತಿದ್ದಿದ ವರದಿ ಮೂರು ಪುಟವಾಯಿತು. ಫೋಟೋ ಜೊತೆಗಿಟ್ಟಳು; ಗ್ಲೈಡರ್ ಪೈಲಟ್ ತನ್ನ ಹೇಳಿಕೆ ಬರೆದುಕೊಟ್ಟ. ಕಂಪನಿಯ ಆಫೀಸಿಗೆ ಅವಳೇ ಹೋದಳು. ಅಲ್ಲಿನ ಮ್ಯಾನೇಜರ್ ತಲೆ ಕೆರೆದುಕೊಂಡ. ಹಿರಿಯರ ಜಾಗಕ್ಕೆ ಬೇರೊಬ್ಬರನ್ನು ಆಗಲೇ ಗೊತ್ತುಮಾಡಿಯಾಗಿತ್ತು. ಅದನ್ನು ರದ್ದುಮಾಡಲು ಬರುವುದಿಲ್ಲ ಎಂದ. ಕಡೆಗೆ ಉತ್ತರದ ಕಡೆಯ ತಂತಿಗಳನ್ನು ಹೊಸಬನಿಗೂ ದಕ್ಷಿಣದವನ್ನು ಭಾವನಿಗೂ ಹಂಚಿದರು. ಇಪ್ಪತ್ತೆರಡು ವರ್ಷದ ಕೆಲಸ ಅರ್ಧವಾಯಿತು. ಅದಕ್ಕೆ ಭಾವ ಟೀಚರಿನ ಹತ್ತಿರ ಏನೂ ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಇಲಾಖೆ ಅವಳು ಪಾಠ ಹೇಳುವುದನ್ನು ಮೂರು ತಿಂಗಳು ನಿಲ್ಲಿಸಿತು; ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಬೇಕೆಂದಿತು. ಅವಳು ಅದಕ್ಕೆ ತಕರಾರು ಎತ್ತಲಿಲ್ಲ. ಡಾಕ್ಟರು ಮಾತ್ರ ಫೋನ್ ಮಾಡಿ ಬೇಸರಪಟ್ಟುಕೊಂಡಳು: “ನಾನೂ ರೇಡಿಯೋ ಎದುರಿಗೇ ಕೂತಿದ್ದೆ ಟೀಚರ್. ಅಂಕಿ ಕಣ್ಣಿಗೆ ಕಾಣ್ತಿತ್ತು. ನೀವು ತಪ್ಪು ಮಾಡ್ತೀರ ಅಂತ ನನಗೆ ಹೊಳೀಲೇ ಇಲ್ಲ.”

“ಇನ್ಮೇಲೆ ಹೊಳೀಲಿ,” ಎಂದಳು ಟೀಚರ್.

ಆ ಶನಿವಾರ ನಿಲ್ದಾಣದ ಪೈಲಟ್‌ಗಳೆಲ್ಲ ಟ್ಯಾಂಕರ್‌ನ ಆಫೀಸಿನಲ್ಲಿ ಸೇರಿದರು. ಕುರ್ಚಿ ಸಾಲದೆ ಅರ್ಧ ಜನ ಎಣ್ಣೆಯ ಡಬ್ಬಗಳ ಮೇಲೆ ಕೂತರು. ಟೀಚರ್ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಷ್ಟು ದಿನ ಅವಳಿಂದ ಬೈಸಿಕೊಂಡವರೇ ಅಲ್ಲಿ ಹೆಚ್ಚಿದ್ದರು. ಅವರಲ್ಲೊಬ್ಬ ನಗಬೇಕೋ ಬೇಡವೋ ತಿಳಿಯದೆ ಕಿಟಕಿಯಾಚೆ ನೋಡಿದ.

ಆಗ ಹಿಂದಿನ ಸಾಲಿನಿಂದ ಭಾವ ಎದ್ದ. ಅವನು ಬಂದಿದ್ದಾನೆಂದೇ ಟೀಚರಿಗೆ ಗೊತ್ತಿರಲಿಲ್ಲ.

“ನನ್ನದೂ ಒಂದಿದೆ,” ಎಂದ. “ನಾನು ಚಾನೆಲ್‌ನಲ್ಲಿ ಹೇಳ್ದೆ. ಯಾರೂ ಮಾತಾಡ್ಲಿಲ್ಲ. ಯಾರೂ ಇಲ್ಲ ಅಂದ್ಕೊಂಡು ಹೊರಟೆ. ಏರೋ ಮೊದಲು ವಿಮಾನನ ಒಂದು ಸುತ್ತು ತಿರುಗಿಸಿ ಆಕಾಶ ನೋಡ್ಬೇಕು. ಇವಳಿಗೆ ಕಲಿಸಿದ್ದು ನಾನೇ. ನಾನು ಎಷ್ಟೋ ವರ್ಷದಿಂದ ತಿರುಗಿಸ್ತಿಲ್ಲ. ತಿರುಗಿಸಿದ್ರೆ ಇವಳು ಇಳಿಯೋಕೆ ಬರ್ತಿರೋದು ಕಾಣ್ತಿತ್ತು. ಕೇಳಿಸ್ಲಿಲ್ಲ ಅಂದ್ರೆ ಯಾರೂ ಇಲ್ಲ ಅಂತ ಅಲ್ಲ. ಅಷ್ಟೆ.” ಹೇಳಿ ಕೂತ.

ಅಲ್ಲಿಂದ ಮಾತು ಸರಾಗವಾಯಿತು. ಗಾಳಿ ಇಲ್ಲದ ದಿನ ಎಲ್ಲರೂ ಪಶ್ಚಿಮದ ಕಡೆಯಿಂದಲೇ ಇಳಿಯುವುದು, ಪಶ್ಚಿಮದಿಂದಲೇ ಏರುವುದು ಎಂದು ತೀರ್ಮಾನವಾಯಿತು. ಚಾನೆಲ್ ಅಂಕಿಯನ್ನು ಶೆಡ್ಡಿನ ಮಾಡಿನ ಮೇಲೆ ಆಕಾಶದಿಂದ ಕಾಣುವಷ್ಟು ದೊಡ್ಡದಾಗಿ ಬರೆಯಬೇಕೆಂದು ಟ್ಯಾಂಕರ್ ಹೇಳಿದ. ಬರೆಯುವ ಕೆಲಸವೂ ಅವನ ತಲೆಗೇ ಬಂತು. ಬಿಸಿಲಲ್ಲಿ ಎರಡು ದಿನ ಮಾಡಿನ ಮೇಲೆ ಕೂತು ಬಿಳಿ ಬಣ್ಣ ಬಳಿದ, ಮೂರನೆಯ ದಿನ ಸೊಂಟ ಹಿಡಿದುಕೊಂಡು ಮಲಗಿದ.

ಭಾವನ ಸಿಟ್ಟು ಇಳಿಯಲು ನಿಜವಾಗಿಯೂ ಹೊತ್ತು ಹಿಡಿಯಿತು. ಎರಡು ತಿಂಗಳು ಅವಳ ಶೆಡ್ಡಿನ ಕಡೆ ಸುಳಿಯಲಿಲ್ಲ. ಎದುರು ಸಿಕ್ಕರೆ ತಲೆಯಾಡಿಸಿ ಹೋಗುತ್ತಿದ್ದ. ಅಕ್ಕ ನಡುವೆ ಓಡಾಡಿ ಸಂಧಾನಕ್ಕೆ ನೋಡಿದಾಗ ಟೀಚರೇ ಬೇಡವೆಂದಳು. ಅವನು ಕೇಳಿದ್ದು ಸ್ವಲ್ಪ ಹೊತ್ತು, ಅಷ್ಟನ್ನಾದರೂ ಕೊಡಬೇಕಲ್ಲ.

ಮೂರು ತಿಂಗಳು ಕಳೆದು, ಪರೀಕ್ಷೆ ಮುಗಿಸಿ, ಅವಳು ಮತ್ತೆ ಪಾಠಕ್ಕೆ ನಿಂತಳು. ಇನ್ನೂ ಐದು ವಾರದ ಮೇಲೆ ಡಾಕ್ಟರು ಮೊದಲ ಬಾರಿಗೆ ಒಬ್ಬಳೇ ಹಾರಿದಳು. ಟೀಚರ್ ಕೈಸೆಟ್ ಹಿಡಿದು ರನ್‌ವೇಯ ಪಕ್ಕದ ಹುಲ್ಲಿನ ಮೇಲೆ ನಿಂತಿದ್ದಳು. ಏರಿದ್ದು ಚೆನ್ನಾಗಿತ್ತು. ಸುತ್ತು ಬಳಸಿ ಇಳಿಯಲು ತಿರುಗಿದಾಗ ಡಾಕ್ಟರಿನ ದನಿ, ಸ್ವಲ್ಪ ನಡುಗುತ್ತ, ರೇಡಿಯೋದಲ್ಲಿ ಬಂತು.

ಅದು ಮುಗಿಯುತ್ತಿದ್ದ ಹಾಗೆ ಇನ್ನೊಂದು ದನಿ ಬಂತು. ದಕ್ಷಿಣದ ತಂತಿ ನೋಡಿಕೊಂಡು ಭಾವ ವಾಪಸಾಗುತ್ತಿದ್ದ. “ಕೇಳಿಸ್ತು. ಕಾಣ್ತಿದ್ದೀರ. ನೀವು ಮೊದಲು ಇಳೀರಿ, ನನಗೇನೂ ಅವಸರ ಇಲ್ಲ.”

ಅವನ ವಿಮಾನ ಗುಡ್ಡದ ಕಡೆಗೆ ವಾಲಿ ಅಗಲವಾದ ಒಂದು ಸುತ್ತು ಹಿಡಿಯಿತು. ಡಾಕ್ಟರು ಇಳಿದಳು; ನೆಲಕ್ಕೆ ತಾಗಿ ಒಮ್ಮೆ ಪುಟಿದಳು, ಎರಡನೆಯ ಸಲವೂ ಪುಟಿದಳು, ಮೂರನೆಯ ಸಲ ನೆಲ ಹಿಡಿದಳು. ದಿಬ್ಬ ಹತ್ತಿ ಇಳಿದು, ರನ್‌ವೇಯಿಂದ ಪಕ್ಕಕ್ಕೆ ಸರಿದು, ಸರಿದಿದ್ದೇನೆ ಎಂದು ಮರೆಯದೆ ಹೇಳಿದಳು.

ಟೀಚರ್ ಕೈಸೆಟ್ಟನ್ನು ಬಾಯಿಯ ಹತ್ತಿರ ತಂದಳು. “ರನ್‌ವೇ ಖಾಲಿ ಇದೆ ಭಾವ.”

“ನೋಡ್ತಿದ್ದೀನಿ,” ಎಂದಿತು ರೇಡಿಯೋ. ಒಂದು ಕ್ಷಣ ಬಿಟ್ಟು ಮತ್ತೆ ಕರಕರ ಎಂದಿತು: “ನಿಮ್ಮಕ್ಕನಿಗೆ ಫೋನ್ ಮಾಡಿ ಊಟಕ್ಕೆ ಮೂರು ಜನ ಅಂತ ಹೇಳು. ಡಾಕ್ಟರನ್ನೂ ಕೇಳು, ಬಂದ್ರೆ ನಾಲ್ಕು.”

ಅವಳು ಫೋನ್ ತೆಗೆದು ಅಕ್ಕನ ನಂಬರ್ ಒತ್ತಿದಳು.